ದ್ಯಾವಪ್ಪನಿಗೆ ಆರಿಸಿದ ಟ್ಯಾಂಕು

ದ್ಯಾವಪ್ಪನ ಗಾಳಿಯ ಟ್ಯಾಂಕನ್ನು ಆರಿಸಿದವನು ನಾನು. ಅಂಗಡಿಯಲ್ಲಿ ಕನ್ನಡಕ ಒರೆಸಿಕೊಂಡು ಅದರ ಹೆಗಲ ಮೇಲೆ ಒತ್ತಿದ ಅಕ್ಷರಗಳನ್ನು ಓದಿದವನೂ ನಾನೇ, ಇದೇ ಇರಲಿ ಎಂದವನೂ ನಾನೇ, ಊರಿಗೆ ಬಂದಮೇಲೆ ಸ್ಪ್ಯಾನರ್ ಹಿಡಿದು ಅದರ ವಾಲ್ವು ಬಿಗಿದವನೂ ನಾನೇ. ಅವನ ಬಗ್ಗೆ ಬರೆಯಲು ಕೂತವನು ಇದನ್ನು ಮೊದಲೇ ಒಪ್ಪಿಕೊಳ್ಳಬೇಕು. ಕೊನೆಗೆ ಹೇಳಿದರೆ ಜಾಣತನವಾಗುತ್ತದೆ, ಆ ಜಾಣತನ ನನಗೆ ಈಗ ಬೇಡ.

ದ್ಯಾವಪ್ಪನದು ಸುರಪುರ ತಾಲೂಕು, ದೇವಾಪುರ ದಾಟಿ ಹೋದರೆ ಕೃಷ್ಣೆಯ ದಂಡೆಯ ಮೇಲೆ ಸಿಗುವ ಊರು. ಅಂಬಿಗರ ಮನೆ. ಮೀನು ಹಿಡಿಯುತ್ತಿದ್ದ, ನೀರು ಇಳಿದ ಕಾಲಕ್ಕೆ ದಂಡೆಯ ತುಂಡುಹೊಲದಲ್ಲಿ ಸವತೆ, ಕಲ್ಲಂಗಡಿ ಹಾಕುತ್ತಿದ್ದ. ಆದರೆ ಸುತ್ತಿನ ತಾಲೂಕುಗಳ ಜನ ಅವನ ಹೆಸರು ನೆನಪಿಟ್ಟುಕೊಂಡದ್ದು ಬೇರೆ ಕೆಲಸಕ್ಕೆ. ಕೃಷ್ಣೆಯಲ್ಲೋ ಭೀಮೆಯಲ್ಲೋ ಕಾಲುವೆಯಲ್ಲೋ ಯಾರಾದರೂ ಮುಳುಗಿ ಹೋದರೆ ಹೆಣ ತೆಗೆದುಕೊಡುತ್ತಿದ್ದವನು ಅವನು. ಸುರಪುರ, ಶಹಾಪುರದ ಪೊಲೀಸರು ಫೋನು ಮಾಡುತ್ತಿದ್ದರು, ಒಮ್ಮೊಮ್ಮೆ ಯಾದಗಿರಿಯಿಂದಲೂ ಜೀಪು ಬರುತ್ತಿತ್ತು. ಈ ಕೆಲಸಕ್ಕೆ ಅವನು ಕೂಲಿ ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ, ಒಂದು ಟವೆಲ್ಲು, ಅಷ್ಟೇ.

ಮುಳುಗುವ ರೀತಿಯೂ ಹಳೆಯದು. ಎಡಗೈಯಲ್ಲಿ ಒಂದು ಗುಂಡುಕಲ್ಲು ಅಪ್ಪಿಕೊಂಡು ಇಳಿಯುತ್ತಿದ್ದ, ಬಲಗೈಯಲ್ಲಿ ತಡಕಾಡುತ್ತಿದ್ದ. ಕೆಸರು ನೀರಿನಲ್ಲಿ ಕಣ್ಣಿಗೆ ಕೆಲಸವಿಲ್ಲ. ಉಸಿರು ಮುಗಿಯಿತೆಂದರೆ ಕಲ್ಲು ಬಿಟ್ಟು ಮೇಲೆ ಬರುತ್ತಿದ್ದ. ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಹೆಂಡತಿಯ ತಮ್ಮ ಮರಿಲಿಂಗನ ಕೈಯಲ್ಲಿ. ಮೂವತ್ತು ವರ್ಷ ಹೀಗೆ ಮುಳುಗಿ ಎದ್ದು ಅವನ ಎರಡೂ ಕಿವಿ ಹಾಳಾಗಿದ್ದವು. ಅವನ ಜೊತೆ ಮಾತಾಡಬೇಕೆಂದರೆ ಹೊಲದ ಆಚೆ ಬದುವಿನಲ್ಲಿ ನಿಂತವನನ್ನು ಕರೆದಂತೆ ಕೂಗಬೇಕಿತ್ತು.

ನಾನು ವಿಜ್ಞಾನದ ಮಾಸ್ತರ. ಶಹಾಪುರದಲ್ಲಿ ಹನ್ನೊಂದು ವರ್ಷ, ಉಳಿದದ್ದು ಸುರಪುರದಲ್ಲಿ ಕಲಿಸಿ ನಿವೃತ್ತನಾದೆ. ದ್ಯಾವಪ್ಪನ ಮಗಳು ಸುಮಲತಾ ನನ್ನ ಹತ್ತಿರ ಓದಿದವಳು. ಯಾರು ಏನು ತಪ್ಪಾಗಿ ಹೇಳಿದರೂ ತಿದ್ದದೆ ಬಿಡುವ ಸ್ವಭಾವ ನನ್ನದಲ್ಲ. ಪೂಜಾರಿಯ ಮಂತ್ರ ತಿದ್ದಿ ಬೈಸಿಕೊಂಡಿದ್ದೇನೆ, ಬಸ್ ಕಂಡಕ್ಟರನ ಲೆಕ್ಕ ತಿದ್ದಿ ಜಗಳವಾಡಿದ್ದೇನೆ. ಊರವರು ನನ್ನನ್ನು ಕಂಡು ದಾರಿ ಬದಲಿಸುತ್ತಾರೆಂದು ನನ್ನ ಹೆಂಡತಿಯೇ ಹೇಳುತ್ತಾಳೆ.

ಒಂದು ದಿನ ದ್ಯಾವಪ್ಪ ಪತ್ರಿಕೆಯ ಒಂದು ತುಂಡು ಹಿಡಿದು ನನ್ನ ಮನೆಗೆ ಬಂದ. ಅದರಲ್ಲಿ ಬೆನ್ನಿಗೆ ಗಾಳಿಯ ಟ್ಯಾಂಕು ಕಟ್ಟಿಕೊಂಡ ಮುಳುಗುಗಾರನ ಫೋಟೋ ಇತ್ತು.

"ಮಾಸ್ತರ್ರ, ಇದು ನಮ್ಮಂಥವ್ರಿಗೆ ಸಿಗ್ತದೇನ್ರಿ?"

ಅವನಿಗೆ ಅದು ಯಾಕೆ ಬೇಕಾಗಿತ್ತೆಂದು ಇಡೀ ಸೀಮೆಗೆ ಗೊತ್ತಿತ್ತು. ಹಿಂದಿನ ವರ್ಷ ಉಸುಕು ತೆಗೆದ ಗುಂಡಿಯಲ್ಲಿ ಒಬ್ಬ ಹುಡುಗಿ ಮುಳುಗಿದ್ದಳು. ದಂಡೆ ಕುಸಿದು ಅವಳ ಕಾಲು ಮಣ್ಣಿನಡಿ ಸಿಕ್ಕಿಬಿದ್ದಿತ್ತು. ದ್ಯಾವಪ್ಪ ಎರಡು ದಿನ ಇಳಿದು ಇಳಿದು ಬಂದ, ಬಿಡಿಸಲು ಆಗಲಿಲ್ಲ. ನಾಲ್ಕನೆಯ ದಿನ ಹೊಳೆಯೇ ಬಿಟ್ಟುಕೊಟ್ಟಿತು. ಅಷ್ಟು ಹೊತ್ತಿಗೆ ತಾಯಿಗೆ ಮುಖ ತೋರಿಸುವ ಹಾಗೆ ಇರಲಿಲ್ಲ.

"ಉಸಿರು ಸಾಲಲಿಲ್ರಿ. ಇನ್ನೊಂದು ಇಪ್ಪತ್ತು ಎಣಿಸೋತನ ಇದ್ದಿದ್ರ ಬಿಡಿಸ್ಕೊಂಡು ಬರ್ತಿದ್ದೆ," ಎಂದ. ಹೀಗೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಅವನ ಹೆಂಡತಿ ಬಸ್ಸಮ್ಮನ ಚಿಂತೆಯೇ ಬೇರೆ. ಗಂಡನಿಗೆ ಐವತ್ತನಾಲ್ಕು ಆಗಿತ್ತು, ಮೇಲೆ ಬಂದಾಗ ಮೂಗಿನಿಂದ ರಕ್ತ ಬರುತ್ತಿತ್ತು. ಬಿಡು ಎಂದು ಹೇಳಿ ಹೇಳಿ ಅವಳು ಸೋತಿದ್ದಳು. ಟ್ಯಾಂಕು ತರಲು ಹೈದರಾಬಾದಿಗೆ ಹೊರಡುವ ಮುಂಚೆ ಅವಳು ಬಾಗಿಲಿಗೆ ಬಂದು ನನ್ನನ್ನು ನಿಲ್ಲಿಸಿದಳು.

"ಇವರು ಹೊಳ್ಯಾಗ ಇಳಿಯೋದು ಬಿಡಂಗಿಲ್ರಿ ಮಾಸ್ತರ್ರ. ತರೋದಿದ್ರ, ಇಳಿದಾವ್ರು ತಿರುಗಿ ಮ್ಯಾಲ ಬರೋವಂಥದ್ದ ನೋಡಿ ತರ್ರಿ. ನನಗೇನು ತಿಳಿತದ? ನೀವು ಓದಿದಾವ್ರದೀರಿ."

ತರುತ್ತೇನೆ ಎಂದೆ. ದೊಡ್ಡ ಮಾತು ಕೊಟ್ಟವನ ಹಾಗೆ ಎದೆ ಉಬ್ಬಿಸಿಕೊಂಡೇ ಹೇಳಿದ್ದೆ.

ದುಡ್ಡಿನ ಮಾತು ಕಷ್ಟವಾಗಲಿಲ್ಲ. ಅವನು ಹೆಣ ತೆಗೆದುಕೊಟ್ಟ ಮನೆಗಳವರೇ ಕೂಡಿಸಿಕೊಟ್ಟರು. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದೆವು. ಅಲ್ಲಿ ಯೂನುಸನ ಅಂಗಡಿ ಇದೆ. ಶಹಾಪುರದಲ್ಲಿ ನನ್ನ ವಿದ್ಯಾರ್ಥಿ, ಈಗ ಸಿಲಿಂಡರು, ಮುಳುಗುವ ಸಾಮಾನು ಮಾರುವ ವ್ಯಾಪಾರಿ. ನನ್ನನ್ನು ಕಂಡ ಕೂಡಲೇ ಎದ್ದು ನಿಂತ. ಹೊಟ್ಟೆ ಬಂದಿತ್ತು, ಮಿಕ್ಕ ಯೂನುಸ ಹಾಗೆಯೇ ಇದ್ದ.

ಅಲ್ಲಿ ಎರಡು ಬಗೆಯ ಟ್ಯಾಂಕು ಇದ್ದವು. ಅಲ್ಯುಮಿನಿಯಂದು, ಉಕ್ಕಿಂದು. ಅಲ್ಯುಮಿನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ, ನನ್ನ ಮನಸ್ಸು ಮೊದಲು ಅದರ ಕಡೆಗೇ ಹೋಯಿತು. ಯೂನುಸ ತಲೆ ಅಲ್ಲಾಡಿಸಿದ.

"ಸರಾ, ಖರೇ ಹೇಳ್ತೀನಿ ಕೇಳ್ರಿ. ಗಾಳಿ ಖಾಲಿ ಆಗಾಕತ್ತಿದಂಗ ಅದು ತೇಲಾಕ ಶುರು ಮಾಡ್ತದ. ಕಾಕಾ ಕೆಳಗ ಕೆಲಸ ಮಾಡಾಕತ್ತಿದ್ರ ಇದು ಮ್ಯಾಲ ಜಗ್ತದ. ಸೆಳವಿನ ಹೊಳಿಗೆ ಉಕ್ಕಿಂದೇ ಬೇಕು."

ಅಂಗಡಿಯ ಹಿಂದಿನ ನೀರಿನ ತೊಟ್ಟಿಗೆ ಕರೆದುಕೊಂಡು ಹೋಗಿ ಎರಡು ಖಾಲಿ ಟ್ಯಾಂಕು ಹಾಕಿ ತೋರಿಸಿದ. ಅಲ್ಯುಮಿನಿಯಂದು ಬುಡ ಮೇಲೆ ಮಾಡಿ ತೇಲಿತು. ಉಕ್ಕಿನದು ಸಮಾಧಾನವಾಗಿ ತಳಕ್ಕೆ ಹೋಗಿ ಕೂತಿತು. ದ್ಯಾವಪ್ಪ ಗೆದ್ದವನ ಹಾಗೆ ನಕ್ಕ. "ಗುಂಡುಕಲ್ಲು ಹೊರೋ ಕೆಲಸ ತಪ್ಪಿತು ಬಿಡ್ರಿ," ಎಂದ.

ದೊಡ್ಡದು ಹದಿನೈದು ಲೀಟರಿನದು, ಚಿಕ್ಕದು ಹನ್ನೆರಡರದು. ಅವನು ಎರಡನ್ನೂ ಬೆನ್ನಿಗೆ ಕಟ್ಟಿಸಿಕೊಂಡು ಅಂಗಡಿಯೊಳಗೆ ನಡೆದ, ಕೂತು ಎದ್ದ, ಬಾಗಿ ನೆಲ ಮುಟ್ಟಿದ. ಹನ್ನೆರಡೇ ಸರಿ ಎಂದ. ಮೊದಲು ತೋರಿಸಿದ ಟ್ಯಾಂಕಿನ ಹೆಗಲ ಮೇಲಿನ ತಪಾಸಣೆಯ ತಾರೀಖು ಹಳೆಯದಾಗಿತ್ತು. ನಾನು ಅದನ್ನು ಹಿಡಿದುಹಾಕಿ ಯೂನುಸನಿಗೆ ಎಲ್ಲರೆದುರು ಪಾಠ ಮಾಡಿದೆ. ಅವನು ನಾಚಿಕೊಂಡು ಹೊಸದಾಗಿ ತಪಾಸಣೆ ಆದದ್ದನ್ನು ಒಳಗಿನಿಂದ ತಂದ. ದ್ಯಾವಪ್ಪ ಅದನ್ನು ಸಂತೆಯಲ್ಲಿ ಕೊಡ ನೋಡುವ ಹಾಗೆ ಗೆಣ್ಣಿನಿಂದ ಬಡಿದ. ಕಿವಿ ಕೇಳದ್ದಕ್ಕೆ ಇನ್ನೊಂದು ಅಂಗೈಯನ್ನು ಉಕ್ಕಿಗೆ ಒತ್ತಿಕೊಂಡು ನಾದವನ್ನು ಕೈಯಲ್ಲೇ ನೋಡಿದ. ಯೂನುಸ ವಾಲ್ವು ಬಿಚ್ಚಿ ಟ್ಯಾಂಕಿನ ಬಾಯಿಯಿಂದ ಬ್ಯಾಟರಿಯ ಬೆಳಕು ಬಿಟ್ಟು ಒಳಗನ್ನು ತೋರಿಸಿದ. ತಿಕ್ಕಿ ಬೆಳಗಿದ ತಾಟಿನ ಹಾಗೆ ಹೊಳೆಯುತ್ತಿತ್ತು.

ಗಾಳಿ ತುಂಬಿದ್ದನ್ನು ರೈಲಿನಲ್ಲಿ ಬಿಡುವುದಿಲ್ಲ. ಯೂನುಸ ಟ್ಯಾಂಕನ್ನು ಖಾಲಿಯಾಗಿಯೇ ಕೊಟ್ಟ, ಬಿಚ್ಚಿದ ವಾಲ್ವನ್ನು ಬಟ್ಟೆಯಲ್ಲಿ ಸುತ್ತಿದ, ಬಾಯಿಗೆ ಪ್ಲಾಸ್ಟಿಕ್ ಬಿರಡೆ ಹಾಕಿದ. ಉಸಿರಾಡುವ ಕೊಳವೆ, ಅದರ ತುದಿಗೆ ಹಲ್ಲಲ್ಲಿ ಕಚ್ಚಿಕೊಳ್ಳುವ ಬಾಯಿಗುಂಡು, ಗಾಳಿ ಎಷ್ಟಿದೆ ತೋರಿಸುವ ಗಡಿಯಾರ ಎಲ್ಲ ಬೇರೆ ಚೀಲದಲ್ಲಿಟ್ಟ.

"ಊರಾಗ ಕೂಡಿಸ್ಕೊಳ್ರಿ ಸರಾ. ಒಳಗ ಜರಾನೂ ಹಸಿ ಆಗದಂಗ ನೋಡ್ಕೊರಿ. ಉಕ್ಕು ಅದ."

ನಾನೇ ಕಲಿಸಿದ ಹುಡುಗ ನನಗೇ ಪಾಠ ಹೇಳುತ್ತಾನಲ್ಲ ಎಂದು ನಕ್ಕೆ. ದ್ಯಾವಪ್ಪನಿಗೆ ಆ ಮಾತು ಕೇಳಿಸಿರಲಿಲ್ಲ. ಅವನಿಗೆ ಕೂಗಿ ಹೇಳುವ ಗೋಜಿಗೂ ನಾನು ಹೋಗಲಿಲ್ಲ. ನಾನಿದ್ದೇನಲ್ಲ ಎಂದುಕೊಂಡೆ.

ಊರಿಗೆ ಬಂದಾಗ ಬಸ್ಸಮ್ಮ ಹೊಸ್ತಿಲ ಹತ್ತಿರ ಕಾಯುತ್ತಿದ್ದಳು. ಓಣಿಯ ಅರ್ಧ ಜನ ಅಲ್ಲೇ ನೆರೆದಿದ್ದರು. ಆ ದಂಡೆಯ ಮನೆಗಳಲ್ಲಿ ಒಂದು ಪದ್ಧತಿ ಇದೆ. ಹೊಸ ಕೊಡ, ಬಿಂದಿಗೆ, ಕ್ಯಾನು, ಏನೇ ತಂದರೂ ಬರಿದಾಗಿ ಹೊಸ್ತಿಲು ದಾಟಿಸುವುದಿಲ್ಲ. ಒಂದು ಬೊಗಸೆ ಹೊಳೆಯ ನೀರು ಹಾಕಿ ಒಳಗೆ ತರುತ್ತಾರೆ. ಬರಿ ಕೊಡ ಬಂದ ಮನೆಯ ಗಂಡಸು ಹೊಳೆಯಿಂದ ಬರುವುದಿಲ್ಲ ಎಂದು ಅವರ ನಂಬಿಕೆ. ಆ ಮನೆಗೆ ಪ್ರೆಶರ್ ಕುಕ್ಕರು ಬಂದಾಗಲೂ ಹೀಗೆಯೇ ಮಾಡಿದ್ದನ್ನು ನಾನು ಕಂಡಿದ್ದೆ.

"ತಡಿರಿ, ಹಂಗ ತರಬ್ಯಾಡ್ರಿ," ಎಂದು ಬಸ್ಸಮ್ಮ ಗಂಡನನ್ನು ನಿಲ್ಲಿಸಿದಳು. ಬಿರಡೆ ಕಿತ್ತಳು. ತಾಮ್ರದ ಚೊಂಬಿನಿಂದ ಅರಿಶಿನ ಕುಂಕುಮ ಬೆರೆಸಿದ ನೀರನ್ನು ಬೊಗಸೆಗೆ ಹಾಕಿಕೊಂಡು ಆ ಸಣ್ಣ ಬಾಯಿಯೊಳಗೆ ಬಿಟ್ಟಳು. "ಗಂಗವ್ವ, ಒಳಗ ಕುಂತು ಕಾಯಬೇ ತಾಯಿ," ಎಂದಳು.

ನಾನು ಮೂರು ಅಡಿ ದೂರದಲ್ಲಿ ನಿಂತಿದ್ದೆ. ಯಾರನ್ನೂ ತಿದ್ದದೆ ಬಿಡದ ನಾನು ಆವತ್ತು ಬಾಯಿ ಬಿಡಲಿಲ್ಲ. ಪಾಪ, ನಂಬಿಕೊಂಡಿದ್ದಾಳೆ, ನಾಲ್ಕು ಜನರ ಮುಂದೆ ಯಾಕೆ ಮುಖಭಂಗ ಮಾಡಲಿ, ಎಂದುಕೊಂಡೆ. ಇದು ನನ್ನ ದೊಡ್ಡ ಮನಸ್ಸು ಎಂದೂ ಅನ್ನಿಸಿತು. ಒಳಗೆ ತಂದಮೇಲೆ ದ್ಯಾವಪ್ಪ ಟ್ಯಾಂಕು ಬೋರಲು ಮಾಡಿದ, ಸ್ವಲ್ಪ ನೀರು ಚೆಲ್ಲಿತು. ಪೂರ್ತಿ ಬಂದಿರಲಿಕ್ಕಿಲ್ಲ ಎಂಬುದು ನನಗೆ ಹೊಳೆಯಿತು, ಸುಳ್ಳು ಹೇಳಲಾರೆ. ಎರಡು ದಿನ ಬಿಸಿಲಿಗೆ ಬಾಯಿ ತೆರೆದಿಟ್ಟರೆ ಸಾಕಾಗಿತ್ತು. ಆದರೆ ಜನ ನೋಡುತ್ತಿದ್ದರು, ನನ್ನ ಕೈ ತುರಿಸುತ್ತಿತ್ತು. ಆಗಲೇ ಸ್ಪ್ಯಾನರ್ ತೆಗೆದು ವಾಲ್ವು ಬಿಗಿದೆ.

ಆಗ ಹೊಳೆಗೆ ಸೇತುವೆಯ ಕಂಬ ಹಾಕುವ ಕೆಲಸ ನಡೆದಿತ್ತು. ಅಲ್ಲಿ ಮುಳುಗುಗಾರರ ತಂಡವಿತ್ತು, ಗಾಳಿ ತುಂಬುವ ಯಂತ್ರವೂ ಇತ್ತು. ಅವರು ದ್ಯಾವಪ್ಪನಿಗೆ ನಾಲ್ಕು ದಿನ ತಮ್ಮ ಟ್ಯಾಂಕಿನಲ್ಲೇ ಕಲಿಸಿದರು. ನಾನು ಹೊಸ ತಪಾಸಣೆಯ ಕಾಗದ ತೋರಿಸಿದ್ದರಿಂದ ಒಳಗೆ ನೋಡದೆಯೇ ಅವನ ಟ್ಯಾಂಕನ್ನು ಪೂರ್ತಿ ತುಂಬಿಕೊಟ್ಟರು. ಒಂದು ತಿಂಗಳಲ್ಲಿ ಕೆಲಸ ಅರ್ಧಕ್ಕೆ ನಿಂತು ಅವರೆಲ್ಲ ಹೊರಟುಹೋದರು. ಇನ್ನು ಗಾಳಿ ಬೇಕೆಂದರೆ ಹೈದರಾಬಾದಿಗೇ ಹೋಗಬೇಕು. ಹಾಗಾಗಿ ದ್ಯಾವಪ್ಪ ಆ ತುಂಬಿದ ಟ್ಯಾಂಕನ್ನು ಮುಟ್ಟಲೇ ಇಲ್ಲ. ಸಣ್ಣಪುಟ್ಟದ್ದಕ್ಕೆಲ್ಲ ಮತ್ತೆ ಗುಂಡುಕಲ್ಲೇ.

"ಆಳದ್ದು ಬಂದಾಗ ತೆಗಿಯೋಣ್ರಿ," ಎನ್ನುತ್ತಿದ್ದ.

ಏಳು ತಿಂಗಳು ಟ್ಯಾಂಕು ಜೋಳದ ಚೀಲಗಳ ಪಕ್ಕ ನಿಂತಿತ್ತು.

ಮೇ ತಿಂಗಳಲ್ಲಿ ಆಳದ್ದು ಬಂತು. ವನದುರ್ಗದ ಕುರಿಗಾರ ಅಮೋಘಸಿದ್ದ ಕುರಿ ಮೈತೊಳೆಯಲು ಇಳಿದು ಉಸುಕಿನ ಗುಂಡಿಯಲ್ಲಿ ಹೋಗಿಬಿಟ್ಟಿದ್ದ. ನಲವತ್ತು ಅಡಿ ಇರಬೇಕು. ಅವನ ಹೆಂಡತಿ ಅಯ್ಯಮ್ಮ ದಂಡೆಯ ಮೇಲೆ ಕೂತವಳು ಮರುದಿನವಾದರೂ ಎದ್ದಿರಲಿಲ್ಲ. ದ್ಯಾವಪ್ಪ ಕಲ್ಲು ಹಿಡಿದು ಎರಡು ಸಲ ಇಳಿದು ಬಂದ. ಹೆಣ ಕೈಗೆ ಸಿಕ್ಕಿತು, ಆದರೆ ದಂಡೆಯ ಕೊರೆತದ ಒಳಗೆ ಸಿಕ್ಕಿಕೊಂಡಿತ್ತು. ಉಸಿರು ಸಾಲಲಿಲ್ಲ.

"ಟ್ಯಾಂಕು ತರ್ರಿ," ಎಂದ.

ಅವನ ಬೆನ್ನಿಗೆ ಪಟ್ಟಿ ಬಿಗಿದವನೂ ನಾನೇ. ಬಾಯಿಗುಂಡು ಕಚ್ಚಿ ನಾಲ್ಕು ಉಸಿರು ಎಳೆದು ನೋಡಿದ, ತೆಗೆದ.

"ಜರಾ ಕಬ್ಬಿಣದ ವಾಸನಿ ಬರ್ತದಲ್ರಿ ಮಾಸ್ತರ್ರ."

"ಕಬ್ಬಿಣದ ಡಬ್ಬಿ ಮಲ್ಲಿಗಿ ವಾಸನಿ ಹೊಡಿತದೇನೋ?" ಎಂದು ಕೂಗಿದೆ. ದಂಡೆಯ ಮೇಲಿದ್ದವರು ನಕ್ಕರು. ಅವನೂ ನಕ್ಕು ಬಾಯಿಗುಂಡು ಕಚ್ಚಿಕೊಂಡು ಇಳಿದ.

ಎರಡು ಹಗ್ಗ. ಒಂದು ಅವನ ಸೊಂಟಕ್ಕೆ, ಇನ್ನೊಂದು ಹೆಣಕ್ಕೆ ಕಟ್ಟಲು. ನಾನು ಕೈಗಡಿಯಾರ ನೋಡುತ್ತ ನಿಂತೆ. ಮರಿಲಿಂಗ ಸೊಂಟದ ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು, ಅಲ್ಲಿಂದ ಬರುವ ಒಂದೊಂದೇ ಜಗ್ಗಿಗೆ "ಅದಾನ, ಅದಾನ" ಎನ್ನುತ್ತಿದ್ದ. ಐದು ನಿಮಿಷ ಆಯಿತು, ಹತ್ತು ಆಯಿತು. ಅಷ್ಟು ಹೊತ್ತು ಯಾರೂ ಆ ಹೊಳೆಯ ತಳದಲ್ಲಿ ಇದ್ದದ್ದನ್ನು ನಾವು ಕಂಡಿರಲಿಲ್ಲ. ಹನ್ನೆರಡನೆಯ ನಿಮಿಷಕ್ಕೆ ಎರಡನೆಯ ಹಗ್ಗ ಮೂರು ಸಲ ಜಗ್ಗಿತು. ಎಲ್ಲರೂ ಕೈ ಹಾಕಿ ಎಳೆದರು. ಅಮೋಘಸಿದ್ದ ಮೇಲೆ ಬಂದ. ಮುಖ ಮುಖವಾಗಿಯೇ ಇತ್ತು. ಅಯ್ಯಮ್ಮ ಓಡಿಬಂದು ಬಿದ್ದಳು, ಜನ ಅವಳ ಸುತ್ತ ನೆರೆಯಿತು. ಆ ಗದ್ದಲದಲ್ಲಿ ನಾನು ಕೂಡ ಆ ಕಡೆ ತಿರುಗಿದೆ.

"ಮಾವ ಜಗ್ಗವಲ್ಲ!" ಎಂದು ಮರಿಲಿಂಗ ಕಿರುಚಿದ. "ಹಗ್ಗ ಸುಮ್ಮ ಅದ!"

ಎಳೆದೆವು. ದ್ಯಾವಪ್ಪ ಬಂದ. ಬಾಯಿಗುಂಡನ್ನು ಹಲ್ಲು ಕಚ್ಚಿ ಹಿಡಿದೇ ಇತ್ತು. ಗಾಳಿ ತೋರಿಸುವ ಗಡಿಯಾರದ ಮುಳ್ಳು ಇನ್ನೂ ಅರ್ಧಕ್ಕಿಂತ ಮೇಲಿತ್ತು. ಎದೆ ಒತ್ತಿದೆವು, ಉಸಿರು ಊದಿದೆವು, ಸುರಪುರದ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಮರಿಲಿಂಗ ಅವನ ಹೆಸರು ಹಿಡಿದು ಕರೆಯುತ್ತಲೇ ಇದ್ದ. ಯಾವುದರಿಂದಲೂ ಏನೂ ಆಗಲಿಲ್ಲ.

ಉಸಿರುಗಟ್ಟಿ ಸತ್ತನೆಂದು ಡಾಕ್ಟರು ಬರೆದರು. ಗಾಳಿ ಇದ್ದೂ ಹೇಗೆ ಉಸಿರುಗಟ್ಟಿತು ಎಂದು ಯಾರೂ ಕೇಳಲಿಲ್ಲ. ಹೊಳೆ ತನ್ನ ಬಾಕಿ ಕೇಳಿತು ಎಂದರು ಕೆಲವರು. ಪೊಲೀಸರು ಪಂಚನಾಮೆ ಮುಗಿಸಿ ಟ್ಯಾಂಕನ್ನು ಮನೆಗೆ ಕಳಿಸಿದರು. ನನಗೆ ನಿದ್ದೆ ಬರಲಿಲ್ಲ, ಅನ್ನ ಸೇರಲಿಲ್ಲ. ಬಸ್ಸಮ್ಮನನ್ನು ಕೇಳಿ, ಟ್ಯಾಂಕನ್ನು ಬಾಡಿಗೆ ಜೀಪಿನಲ್ಲಿ ಹಾಕಿಕೊಂಡು ಒಬ್ಬನೇ ಯೂನುಸನ ಅಂಗಡಿಗೆ ಹೋದೆ.

ಯೂನುಸ ವಾಲ್ವಿನ ಬಾಯಿಗೆ ಒಂದು ಸಣ್ಣ ಮೀಟರು ಹಿಡಿದ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಇಪ್ಪತ್ತೊಂದು ಪಾಲು ಇರಬೇಕು. ಮೀಟರು ಎಂಟು ತೋರಿಸಿತು. ಅವನು ಇನ್ನೊಂದು ಮೀಟರು ತಂದ. ಅದೂ ಎಂಟೇ. ಉಳಿದ ಗಾಳಿ ಬಿಟ್ಟು, ವಾಲ್ವು ಬಿಚ್ಚಿ, ಟ್ಯಾಂಕನ್ನು ಬಿಳಿ ಬಕೆಟ್ಟಿನ ಮೇಲೆ ಬೋರಲು ಮಾಡಿದ. ಇಟ್ಟಂಗಿ ಬಣ್ಣದ ನೀರು ಅರ್ಧ ಲೋಟ ಬಿತ್ತು, ಅದರ ಹಿಂದೆ ತುಕ್ಕಿನ ಹೊಟ್ಟು.

"ಇದರಾಗ ನೀರು ಯಾರು ಹಾಕಿದ್ರಿ ಸರಾ?"

ಪ್ರತಿ ವರ್ಷ ಎಂಟನೆಯ ತರಗತಿಗೆ ಬಾಟಲಿಯಲ್ಲಿ ಹಸಿ ಮೊಳೆ ಇಟ್ಟು, ಬಿರಡೆ ಹಾಕಿ, ವಾರ ಬಿಟ್ಟು ತೆಗೆದು, ಒಳಗೆ ಉರಿಯುವ ಕಡ್ಡಿ ಹಿಡಿದು ಆರಿಸಿ ತೋರಿಸುತ್ತಿದ್ದವನು ನಾನು. ತುಕ್ಕು ಗಾಳಿಯ ಜೀವ ತಿನ್ನುತ್ತದೆ ಮಕ್ಕಳೇ ಎನ್ನುತ್ತಿದ್ದವನು ನಾನು. ಯೂನುಸನೂ ಆ ಕಡ್ಡಿ ಆರಿದ್ದನ್ನು ನೋಡಿದವನೇ. ತಳದಲ್ಲಿ ನೀರಿನ ಭಾರಕ್ಕೆ ಗಾಳಿ ಒತ್ತಿಕೊಂಡು ಬರುವುದರಿಂದ ಆ ಎಂಟು ಪಾಲೇ ಸಾಲುತ್ತದೆ, ಮೇಲೆ ಬರುತ್ತ ಬರುತ್ತ ಸಾಲದಾಗುತ್ತದೆ, ಮನುಷ್ಯನಿಗೆ ಗೊತ್ತಾಗುವುದೂ ಇಲ್ಲ, ದೀಪ ಆರಿದಂತೆ ಹೋಗುತ್ತಾನೆ, ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. ನಾನು ಅವನ ಪ್ರಶ್ನೆಗೆ ಉತ್ತರ ಕೊಡದೆ ಬಂದೆ.

ದಾರಿಯಲ್ಲಿ ಒಂದು ತೀರ್ಮಾನ ಮಾಡಿದೆ. ಬಸ್ಸಮ್ಮನಿಗೆ ಇದು ಗೊತ್ತಾಗಬಾರದು. ಗಂಡನನ್ನು ಕಾಯಲೆಂದು ಹಾಕಿದ ಬೊಗಸೆ ನೀರೇ ಅವನನ್ನು ತೆಗೆದುಕೊಂಡಿತು ಎಂದು ತಿಳಿದರೆ ಅವಳು ಬದುಕುವುದಿಲ್ಲ. ತಪ್ಪನ್ನೆಲ್ಲ ನನ್ನ ತಲೆಗೆ ಕಟ್ಟಿಕೊಳ್ಳುತ್ತೇನೆ, ಬಯ್ಯುವುದಾದರೆ ನನ್ನನ್ನು ಬಯ್ಯಲಿ.

ಮರುದಿನ ಅವರ ಮನೆಗೆ ಹೋದೆ. ದಿನಕರ್ಮ ಮುಗಿದಿತ್ತು. ಸುಮಲತಾ ಗಂಡನ ಮನೆಯಿಂದ ಬಂದವಳು ತಾಯಿಯ ಪಕ್ಕ ಕೂತಿದ್ದಳು.

"ಏನಾಗಿತ್ರಿ ಅದಕ್ಕ?" ಎಂದು ಬಸ್ಸಮ್ಮ ಕೇಳಿದಳು.

"ಹಳೇ ಮಾಲು ಯವ್ವಾ. ಒಳಗ ತುಕ್ಕು ಹಿಡಿದಿತ್ತು. ನಾ ಸರಿಯಾಗಿ ನೋಡಿ ಆರಿಸಲಿಲ್ಲ. ತಪ್ಪು ನಂದೇ."

ಸುಮಲತಾ ತಲೆ ಎತ್ತಿದಳು. "ಸರಾ, ಒಳಗ ತಾಟಿನಂಗ ಹೊಳಿತಿತ್ತು ಅಂತ ಅಪ್ಪ ನನಗ ಫೋನಿನಾಗ ಹೇಳಿದ್ದ."

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

"ಹಸಿ ಮೊಳಿ ಬಾಟ್ಲಿಯೊಳಗಿನ ಗಾಳಿ ತಿಂತದ ಅಂತ ನೀವೇ ಕಲಿಸಿದ್ರಿ ಸರಾ. ಹೊಸ್ತಿಲದಾಗ ನೀರು ಹಾಕಿದ್ದು ಅವ್ವ ಹೇಳಿದ ಕೂಡ್ಲೇ ನನಗ ತಿಳೀತು. ಅವ್ವಗ ನಾ ಎಲ್ಲ ಹೇಳೀನಿ."

ಬಸ್ಸಮ್ಮ ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಕೂತಿದ್ದಳು.

"ಅಮಾಸಿಗೊಮ್ಮೆ ವಿಭೂತಿ ಹಚ್ಚುವಾಗ ಅಲುಗಾಡಿಸಿ ನೋಡ್ತಿದ್ದೆ ಮಾಸ್ತರ್ರ. ಒಳಗ ಕುಲು ಕುಲು ಅಂತಿತ್ತು. ಇವರಿಗೆ ಕೇಳ್ತಿರಲಿಲ್ಲ, ನನಗ ಕೇಳ್ತಿತ್ತು. ಗಂಗವ್ವ ಅದಾಳ, ಕಾಯ್ತಾಳ ಅಂತ ಧೈರ್ಯ ಬರ್ತಿತ್ತು ನನಗ." ಸೆರಗು ಬಿಟ್ಟು ನನ್ನ ಕಡೆ ತಿರುಗಿ ಕೇಳಿದಳು: "ನಾ ಹಾಕುವಾಗ ನೀವು ಅಲ್ಲೇ ನಿಂತಿದ್ರಿ. ನನಗ ತಿಳಿತಿರಲಿಲ್ಲ, ನಿಮಗ ತಿಳಿತಿತ್ತು. ಬ್ಯಾಡ ಅಂತ ಒಂದು ಮಾತು ಯಾಕ ಅನ್ನಲಿಲ್ರಿ?"

ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ. ಅದು ಎಷ್ಟು ಕೀಳು ಉತ್ತರವೆಂದು ಹೇಳುವಾಗಲೇ ಗೊತ್ತಾಯಿತು.

"ನಿನ್ನ ಮನಸ್ಸಿಗೆ ನೋವಾಗಬಾರದಂತ, ಯವ್ವಾ."

"ನೋವಾಗಿದ್ರ ಎರಡು ದಿನ ನಿಮ್ಮನ್ನ ಬೈಕೊಂಡು ತಿರುಗ್ತಿದ್ದೆ," ಎಂದಳು ಬಸ್ಸಮ್ಮ. "ಮೂರನೇ ದಿನಕ್ಕ ಇವರೇ ಸಮಾಧಾನ ಮಾಡ್ತಿದ್ರು."